ಕತ್ತಿ ತಾಗಿದರೆ ಹರಡುತ್ತದೆಯೇ? ಸುಶ್ರುತ ಹೇಳಿದ್ದೇನು?

ಪ್ರಶ್ನೆ: ತಂದೆಗೆ 58 ವರ್ಷ. ಎಲೆಯಡಿಕೆಯ ಅಭ್ಯಾಸ ಹಳೆಯದು, ಹೊಗೆಸೊಪ್ಪು ಹಾಕುವುದಿಲ್ಲ. ಕೆನ್ನೆಯ ಒಳಗಿನ ಹುಣ್ಣು ಎರಡು ತಿಂಗಳಾದರೂ ಮಾಯಲಿಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ, ಆರಂಭದ ಹಂತವಂತೆ. ಕತ್ತಿ ತಾಗಿದರೆ ಹರಡುತ್ತದೆ, ಮೂರು ತಿಂಗಳು ಆಯುರ್ವೇದದ ಮದ್ದು ಮಾಡಿ ನೋಡೋಣ ಎಂದು ಮನೆಯ ಹಿರಿಯರ ಹಟ. ಏನು ಮಾಡಲಿ ಡಾಕ್ಟ್ರೇ?
– ಹೆಸರು ಬೇಡ, ಕುಲಶೇಖರ, ಮಂಗಳೂರು

ಉತ್ತರ: ಆಪರೇಷನ್ ಮಾಡಿಸಿ, ತಡಮಾಡಬೇಡಿ. ಹಿರಿಯರಿಗೆ ಆಯುರ್ವೇದದಲ್ಲಿ ನಂಬಿಕೆ ಇದ್ದರೆ ಸುಶ್ರುತ ಸಂಹಿತೆಯನ್ನೇ ಅವರ ಮುಂದಿಡಿ. ನಿದಾನಸ್ಥಾನದ 11ನೇ ಅಧ್ಯಾಯದಲ್ಲಿ ಅರ್ಬುದದ ವರ್ಣನೆ ಇದೆ: ದುಂಡಗೆ, ಕದಲದೆ, ಆಳಕ್ಕೆ ಬೇರೂರಿ, ನಿಧಾನವಾಗಿ ಬೆಳೆಯುವ, ಕೀವಾಗದ ಗಡ್ಡೆ. ಒಂದರ ಮೇಲೆ ಇನ್ನೊಂದು ಏಳುವುದನ್ನೂ ಅದು ಗಮನಿಸಿದೆ. ನೋವಿಲ್ಲದೆ ಕಲ್ಲಿನಂತೆ ಗಟ್ಟಿಯಾದ ಮಾಂಸಾರ್ಬುದವನ್ನು ಅಸಾಧ್ಯ ಎಂದೇ ಹೇಳಿದೆ. ಇವೆಲ್ಲ ಇಂದಿನ ಕ್ಯಾನ್ಸರ್ ಎನ್ನಲಾಗದು. ಸೂಕ್ಷ್ಮದರ್ಶಕವಿಲ್ಲದ ಆ ಕಾಲದಲ್ಲಿ ಕೊಬ್ಬಿನ ಸಾದಾ ಗಡ್ಡೆಯೂ ಆ ಪಟ್ಟಿಗೆ ಸೇರಿತ್ತು. ಆದರೆ ಚಿಕಿತ್ಸಾಸ್ಥಾನದ 18ನೇ ಅಧ್ಯಾಯ ಶಸ್ತ್ರ, ಕ್ಷಾರ, ಅಗ್ನಿ ಮೂರನ್ನೂ ವಿಧಿಸಿ, ತುಸು ಉಳಿಸಿದರೂ ಗಡ್ಡೆ ಮರಳಿ ಬೆಳೆದು ಕೊಲ್ಲುತ್ತದೆ, ಪೂರ್ತಿ ತೆಗೆಯಿರಿ ಎನ್ನುತ್ತದೆ. ಇಂದಿನ ಸರ್ಜನ್ ಹುಣ್ಣಿನ ಸುತ್ತ ಸುಮಾರು ಒಂದು ಸೆಂಟಿಮೀಟರ್ ಆರೋಗ್ಯವಂತ ಭಾಗವನ್ನೂ ಸೇರಿಸಿ ತೆಗೆಯುವುದು ಇದೇ ಕಾರಣಕ್ಕೆ. ಕತ್ತಿ ತಾಗಿದರೆ ಹರಡುತ್ತದೆ ಎಂಬ ಮಾತಿಗೆ ಕಾರಣ ಬೇರೆ: ತಡವಾಗಿ ಬಂದ ಹಲವರಲ್ಲಿ ರೋಗ ಆಗಲೇ ಕುತ್ತಿಗೆಯ ಗ್ರಂಥಿಗಳಿಗೆ ಇಳಿದಿರುತ್ತದೆ; ಅಪವಾದ ಮಾತ್ರ ಆಪರೇಷನ್ ಮೇಲೆ ಬರುತ್ತದೆ.

‘ನರಸೀಪುರದ ಮದ್ದಿನಿಂದ ಗುಣವಾದವರಿಲ್ಲವೇ?’ ಎಂದು ಅವರು ಕೇಳಬಹುದು. ಸಾಗರ ತಾಲೂಕಿನ ಆ ಹಳ್ಳಿಯಲ್ಲಿ, 2020ರಲ್ಲಿ ತೀರಿಕೊಂಡ ವೈದ್ಯ ನಾರಾಯಣಮೂರ್ತಿಯವರ ಮದ್ದಿಗಾಗಿ ದೂರದೂರುಗಳ ಜನ ಸಾಲುಗಟ್ಟಿ ಕಾದದ್ದು ನಿಜ. ಆ ಭರವಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಂಥ ಯಾವ ಮದ್ದಿನಲ್ಲೂ ಗುಣವಾದವರ ಸುದ್ದಿ ಊರೆಲ್ಲ ತಿರುಗುತ್ತದೆ, ಆಗದವರು ಹೇಳಲು ಉಳಿದಿರುವುದಿಲ್ಲ. ಗುಣವಾದವರಲ್ಲಿ ಎಷ್ಟು ಮಂದಿ ಮೊದಲೇ ಆಪರೇಷನ್, ಕಿಮೊ ಮುಗಿಸಿದ್ದರು ಎಂದು ಯಾರೂ ವಿಚಾರಿಸುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆಡೆಗೆ ಹರಡದ ಕ್ಯಾನ್ಸರಿಗೆ ಬದಲಿ ಚಿಕಿತ್ಸೆಯನ್ನಷ್ಟೇ ನೆಚ್ಚಿದ 281 ಮಂದಿಯ ಲೆಕ್ಕ ತೆಗೆದು 2018ರಲ್ಲಿ ಪ್ರಕಟಿಸಿದರು: ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗಿಂತ ಸಾವಿನ ಅಪಾಯ ಎರಡೂವರೆ ಪಟ್ಟು. ಅದು ಆಯುರ್ವೇದದ ಪರೀಕ್ಷೆ ಅಲ್ಲ, ಒಪ್ಪುತ್ತೇನೆ. ಚಿಕಿತ್ಸೆ ಬಿಟ್ಟವರು ತೆರುವ ಬೆಲೆ ಮಾತ್ರ ಎಲ್ಲೆಡೆ ಒಂದೇ.

ಗಿಡಮೂಲಿಕೆಯಲ್ಲಿ ಶಕ್ತಿ ಇಲ್ಲವೆಂದಲ್ಲ. ಅಂಗಳದ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಮದ್ದು ಬಂದದ್ದು. ಆದರೆ ಅದನ್ನು ಶುದ್ಧಗೊಳಿಸಿ, ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರದಂತೆ ಅಳೆದು ರಕ್ತನಾಳಕ್ಕೆ ಕೊಡುತ್ತಾರೆ; ಎಲೆ ಜಜ್ಜಿದ ಕಷಾಯದಲ್ಲಿ ಆ ಅಳತೆ ಎಲ್ಲಿದೆ? ನಮ್ಮಲ್ಲಿ ಈಗ ಎಲ್ಲರೂ ಹೊಗಳುವ ಲಕ್ಷ್ಮಣಫಲದಲ್ಲಿ ನರಕೋಶಗಳಿಗೆ ಕೆಡುಕು ಮಾಡುವ ಅನೊನಾಸಿನ್ ಇದೆ. ಗ್ವಾಡಲೂಪ್ ದ್ವೀಪದಲ್ಲಿ ಈ ಜಾತಿಯ ಹಣ್ಣು, ಎಲೆಯ ಕಷಾಯ ಹೆಚ್ಚು ಸೇವಿಸಿದವರಲ್ಲಿ ಪಾರ್ಕಿನ್ಸನ್ ಹೋಲುವ ಕಾಯಿಲೆ ಕಂಡುಬಂದಿತ್ತು.

ಇನ್ನು ಎಲೆಯಡಿಕೆ. ಹಳೆಯ ಗ್ರಂಥಗಳು ತಾಂಬೂಲವನ್ನು ಹೊಗಳಿವೆ, ಅಡಿಕೆ ನಮ್ಮ ಜಿಲ್ಲೆಯ ಅನ್ನವೂ ಹೌದು. ಹಾಗೆಂದು ಸತ್ಯ ಮುಚ್ಚಿಡಲಾಗದು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದಿದೆ. ತಂದೆಯವರು ಇಂದೇ ಬಿಡಲಿ.

ಆಯುರ್ವೇದದ ವೈದ್ಯರ ಸಲಹೆ ಬೇಡವೆನ್ನುವುದಿಲ್ಲ. ಹಸಿವು, ಮಲಬದ್ಧತೆ, ನಿದ್ದೆ, ಪಥ್ಯಕ್ಕೆ ಅವರನ್ನು ಕೇಳಿ. ಕೊಟ್ಟ ಮದ್ದಿನ ಚೀಟಿಯನ್ನು ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಪಾದರಸ, ಸೀಸದ ಭಸ್ಮ ಖಂಡಿತ ಬೇಡ, ಅವು ಕಿಡ್ನಿಗೆ ಕೆಡುಕು. ಮುಂದೆ ಸಿಸ್‌ಪ್ಲಾಟಿನ್ ಎಂಬ ಕಿಮೊ ಮದ್ದು ಬೇಕಾದರೆ ಅದೂ ಕಿಡ್ನಿಯ ಮೇಲೆಯೇ ಭಾರ ಹಾಕುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಬಯಾಪ್ಸಿ ವರದಿ ಹಿಡಿದು ಈ ವಾರವೇ ವೆನ್ಲಾಕ್ ಆಸ್ಪತ್ರೆಯಲ್ಲಿ ವಿಚಾರಿಸಿ.