ಮೀನಿಗೆ ಏಣಿ ಕಟ್ಟುವ ಮುನ್ನ

ಲೋನಾವಳ, ವಳವಣ, ಶಿರವತಾ, ಠೋಕರವಾಡಿ, ಮುಳಶಿ: ಮುಂಬೈಗೆ ಕರೆಂಟು ಕೊಡಲೆಂದು ಕಟ್ಟಿದ ಈ ಜಲಾಶಯಗಳ ಕಡೆ ಮೀನಿನ ಕೆಲಸಕ್ಕೆಂದು ಓಡಾಡಿದವನು ನಾನು. ‘ಅಣೆಕಟ್ಟಿಗೆ ಮೀನಿನ ಏಣಿ ಯಾಕಿಲ್ಲ?’ ಎಂದು ಊರಿಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಮೀನು ಹತ್ತಿ ಅಣೆಕಟ್ಟು ದಾಟಲೆಂದು ಕಟ್ಟುವ ನೀರಿನ ಮೆಟ್ಟಿಲೇ ಈ ಏಣಿ. ಕೇಳಿದವರಿಗೆ ಹೇಳುತ್ತ ಬಂದ ಮಾತುಗಳಿವು.

1. ನೀರು ಎತ್ತ ಹೋಗುತ್ತಿದೆ ಎಂದು ಮೊದಲು ನೋಡಿ. ಸಹ್ಯಾದ್ರಿಯ ನೆತ್ತಿಯಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು, ಭೀಮೆಯ ಜೊತೆ ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡಬೇಕಾದ ನೀರನ್ನು ಟಾಟಾದವರು ಪಶ್ಚಿಮಕ್ಕೆ ತಿರುಗಿಸಿದರು. ಖೋಪೋಲಿಯ ವಿದ್ಯುತ್ ಕೇಂದ್ರ 1915ರಲ್ಲಿ, ಭಿವಪುರಿಯದು 1922ರಲ್ಲಿ, ಭಿರಾದ್ದು 1927ರಲ್ಲಿ ಶುರುವಾದವು. ಖೋಪೋಲಿಯಲ್ಲಿ ಸುಮಾರು 500 ಮೀಟರ್ ಇಳಿದು ಟರ್ಬೈನ್ ತಿರುಗಿಸಿದ ನೀರು ಪಾತಾಳಗಂಗೆ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಆ ಕಡಿದಾದ ಘಟ್ಟವನ್ನು ಯಾವ ಮಹಸೀರ್ ಮೀನೂ ಹತ್ತಿ ಬಂದದ್ದಿಲ್ಲ. ಮೀನಿನ ದಾರಿ ಕಡಿದುಹೋಗಿರುವುದು ಘಟ್ಟದ ಮೇಲೆ, ಅಣೆಕಟ್ಟಿನ ಪೂರ್ವದ ಮಗ್ಗುಲಲ್ಲಿ. ಕೆಳಪಾತ್ರಕ್ಕೆ ನೀರೇ ಬಿಡದಿದ್ದರೆ ಏಣಿ ಬರೀ ಕಾಂಕ್ರೀಟು.

2. ಮೀನಿನ ಸ್ವಭಾವ ತಿಳಿಯಿರಿ. ಏಣಿಯ ಹಳೆಯ ನಕ್ಷೆಗಳು ಪಾಶ್ಚಾತ್ಯ ದೇಶಗಳ ಸಾಲ್ಮನ್‌ಗೆಂದು ಮಾಡಿದವು. ಅದು ನೆಗೆಯುವ ಮೀನು. ನಮ್ಮ ಮಹಸೀರ್ ಮಳೆಗಾಲದ ಹೊಸ ನೀರಿಗೆ ಎದುರೀಜಿ, ಜಲ್ಲಿಕಲ್ಲಿನ ತಿಳಿಹಳ್ಳ ಹುಡುಕಿ ಮೊಟ್ಟೆ ಇಡುತ್ತದೆ. ಮೇಲಿನ ಹಳ್ಳದಲ್ಲಿ ಜಲ್ಲಿ ಉಳಿದಿದೆಯೇ, ಮರಳಿನವರು ಬಾಚಿಬಿಟ್ಟರೇ? ಎಂಜಿನಿಯರನ್ನು ಕರೆಯುವ ಮೊದಲು ಅದನ್ನು ನೋಡಬೇಕು.

3. ಮರಿ ಬಿಡುವುದು ದಾರಿ ಬಿಟ್ಟಂತಲ್ಲ. ಮೀನು ತಜ್ಞರಾದ ಸಿ.ವಿ. ಕುಲಕರ್ಣಿ, ಎಸ್.ಎನ್. ಓಗಲೆ ಅವರು 1970ರ ದಶಕದಲ್ಲಿ ಲೋನಾವಳದಲ್ಲಿ ಮಹಸೀರಿಗೆ ಕೃತಕವಾಗಿ ಮರಿ ಮಾಡಿಸಿ ತೋರಿಸಿದರು. ಹೆಣ್ಣಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಹಳದಿ ಮೊಟ್ಟೆಗಳು ಟ್ರೇಗೆ ಇಳಿಯುತ್ತವೆ. ಗಂಡಿನ ಹಾಲನ್ನು, ಅಂದರೆ ವೀರ್ಯವನ್ನು, ಅದಕ್ಕೆ ಸೇರಿಸಿ ಮೃದುವಾಗಿ ಕಲಸುತ್ತಾರೆ. ಮೊಟ್ಟೆ ಭಾರ, ತಳಕ್ಕೆ ಕೂರುತ್ತದೆ, ಅದಕ್ಕೇ ಮೇಲೆ ಸದಾ ನೀರು ಹರಿಯುತ್ತಿರಬೇಕು. ಆ ಕೈಚಳಕಕ್ಕೆ ನನ್ನ ನಮಸ್ಕಾರ.

ಆದರೆ ಆ ಮರಿಗಳು ಕಾವೇರಿಗೂ ಹೋದವು. ಕಾವೇರಿಗೆ ತನ್ನದೇ ಮಹಸೀರ್ ಇತ್ತು: ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ ದೈತ್ಯ. ಲೋನಾವಳದಿಂದ ಹೋದ, ಕೃಷ್ಣಾ ಕಡೆಯ ನೀಲಿ ರೆಕ್ಕೆಯದು ಅಲ್ಲಿ ಹಬ್ಬಿದ ಮೇಲೆ ಕಾವೇರಿಯ ಮಹಸೀರ್ ಗಾಳಕ್ಕೆ ಸಿಗುವುದೇ ಅಪರೂಪವಾಯಿತು. ಅಷ್ಟು ಹೆಸರುವಾಸಿ ಮೀನಿಗೆ ಸರಿಯಾದ ಶಾಸ್ತ್ರೀಯ ಗುರುತು, ಟಾರ್ ರೇಮಾದೇವಿ ಎಂದು, ಸಿಕ್ಕಿದ್ದು 2018ರಲ್ಲಿ; ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ಆದರೂ ನಾನು ಒಂದು ನದಿಯ ಮರಿಯನ್ನು ಇನ್ನೊಂದು ನದಿಗೆ ಒಯ್ಯುವುದಕ್ಕೆ ಸಹಿ ಹಾಕುವವನಲ್ಲ.

4. ಇಳಿಯುವ ಮೀನನ್ನು ಮರೆಯಬೇಡಿ. ಹತ್ತಿಸುವುದಕ್ಕಷ್ಟೇ ಹಣ ಹಾಕಿ, ನೀರು ಒಳಸೆಳೆಯುವ ಬಾಯಿಗೆ ಜಾಲರಿ ಹಾಕದಿದ್ದರೆ ಮರಿಗಳು ಟರ್ಬೈನ್ ಪಾಲು.

5. ದೊಡ್ಡ ಅಣೆಕಟ್ಟಿನ ವಾದ ನಡೆಯುತ್ತಿರಲಿ, ಬಾಂದಾರ ಎಂಬ ಚಿಕ್ಕ ಕಿಂಡಿ ಅಣೆಕಟ್ಟುಗಳಿಂದ ಆರಂಭಿಸಿ. ಕೊಲ್ಹಾಪುರ ಮಾದರಿಯ ಬಾಂದಾರಕ್ಕೆ ತೆಗೆದುಹಾಕಬಹುದಾದ ಹಲಗೆಗಳಿರುತ್ತವೆ. ಮೊದಲ ಮಳೆಗೆ ಮುನ್ನವೇ ಅವು ಹೊರಗೆ ಬರಬೇಕು. ಮಳೆ ಮುಗಿದೊಡನೆ ಎಲ್ಲ ಕಿಂಡಿಗಳನ್ನೂ ಒಟ್ಟಿಗೆ ಮುಚ್ಚಿದರೆ ಕೆಳಗಿಳಿಯುವ ಮರಿ ಸಿಕ್ಕಿಬೀಳುತ್ತದೆ. ರೈತರಿಗೆ ನೀರು ಬೇಕು, ನಿಜ. ನಟ್ಟನಡುವಿನ, ಆಳವಿರುವ ಕಿಂಡಿಯೊಂದನ್ನು ಕೊನೆಗೆ ಮುಚ್ಚಿ ಎಂದಷ್ಟೇ ಬೇಡಿಕೆ. ಹಲಗೆ ಹಾಕುವ ಆಳನ್ನು ಹುಡುಕಿ ಅವನಿಗೇ ನೇರ ಹೇಳುವುದು ಅರ್ಜಿ ಕೊಡುವುದಕ್ಕಿಂತ ಬೇಗ ಆಗುವ ಕೆಲಸ.