ಜೀವಕೋಶದ ಕಾವಲು: ಕಿರಿಯ ಓದುಗರಿಗೊಂದು ಪತ್ರ

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳ ಕನ್ನಡ ಮನೆಗಳಲ್ಲಿ ಜೀವಶಾಸ್ತ್ರ ಓದುತ್ತಿರುವ ಕಿರಿಯರಿಗೆ,

ಡಿಎನ್‌ಎ ತಾನಾಗಿಯೇ ಕೆಡದೆ ಉಳಿಯುವ ವಸ್ತುವಲ್ಲ. ಜೀವಕೋಶ ಅದನ್ನು ದಿನವೂ ದುರಸ್ತಿ ಮಾಡುತ್ತಲೇ ಇರುತ್ತದೆ. ಬ್ರಿಸ್ಬೇನಿನ ಬಿಸಿಲಿನ ನೇರಳಾತೀತ ಕಿರಣ ಚರ್ಮಕ್ಕೆ ತಾಗಿದಾಗ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಥೈಮಿನ್‌ಗಳು ಬೆಸೆದುಕೊಳ್ಳುತ್ತವೆ. ಕಿಣ್ವಗಳು ಆ ತುಂಡನ್ನು, ಸುಮಾರು 30 ನ್ಯೂಕ್ಲಿಯೊಟೈಡ್ ಉದ್ದಕ್ಕೆ, ಕತ್ತರಿಸಿ ತೆಗೆದು ಎದುರಿನ ಎಳೆಯನ್ನು ನೋಡಿ ಖಾಲಿ ಜಾಗ ತುಂಬುತ್ತವೆ. ಹಾನಿ ಹೆಚ್ಚಾದರೆ ಪಿ53 ಎಂಬ ಪ್ರೋಟೀನ್ ಕೋಶವಿಭಜನೆಯನ್ನು ತಡೆಯುತ್ತದೆ, ಇಲ್ಲವೇ ಕೋಶವನ್ನು ಸಾವಿಗೆ ದೂಡುತ್ತದೆ. ಚರ್ಮದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವ ಪ್ರದೇಶಗಳಲ್ಲಿ ಕ್ವೀನ್ಸ್‌ಲ್ಯಾಂಡ್ ಒಂದು. ಕಂದು ಚರ್ಮದ ಮೆಲನಿನ್ ಈ ಪೆಟ್ಟನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ.

ಬೇಡದ ಪ್ರೋಟೀನಿಗೆ ಯುಬಿಕ್ವಿಟಿನ್ ಗುರುತು ಹಚ್ಚಿ ಒಡೆಯುವುದು ಕೋಶದ ಮಾಮೂಲು ಕ್ರಮ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ ಆ ಗುರುತನ್ನು ಪಿ53ಕ್ಕೇ ಹಚ್ಚಿಸಿಬಿಡುತ್ತದೆ. ಬ್ರಿಸ್ಬೇನಿನಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ವೈರಸ್ಸಿನ ಡಿಎನ್‌ಎ ಇಲ್ಲದ ಬರಿಯ ಪ್ರೋಟೀನ್ ಕವಚವನ್ನು ರೂಪಿಸಿದರು. 2006ರಲ್ಲಿ ಬಂದ ಲಸಿಕೆಗೆ ಅದೇ ಬುನಾದಿ.

ಅಡಿಲೇಡಿನ ಸಂಗತಿ ಇನ್ನೂ ಸೂಕ್ಷ್ಮ. ತಳಿವಿಜ್ಞಾನಿ ಗ್ರಾಂಟ್ ಸದರ್ಲೆಂಡ್ ಮೆಲ್ಬೋರ್ನಿನಲ್ಲಿ ಕಂಡಿದ್ದ ವರ್ಣತಂತುಗಳ ಬಿರುಕು ಅಡಿಲೇಡಿಗೆ ಬಂದ ಮೇಲೆ ಕಾಣಲೊಲ್ಲದಾಯಿತು. ಕೋಶ ಬೆಳೆಸುವ ದ್ರವ ಬದಲಾಗಿತ್ತು. ಅದರಲ್ಲಿ ಫೋಲಿಕ್ ಆಮ್ಲ ಕಡಿಮೆ ಇದ್ದರಷ್ಟೇ ಬಿರುಕು ತೋರುತ್ತದೆಂದು ಅವರು ಕಂಡುಕೊಂಡರು. ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುವ ಫ್ರ್ಯಾಜೈಲ್ ಎಕ್ಸ್ ಕಾಯಿಲೆಯ ಪತ್ತೆಗೆ ಇದು ದಾರಿ ಮಾಡಿತು. ಇದರ ವಂಶವಾಹಿ ಎಫ್‌ಎಂಆರ್1 ಸಿಕ್ಕಿದ್ದು 1991ರಲ್ಲಿ. ಅದರ ಆರಂಭದಲ್ಲಿ ಸಿಜಿಜಿ ಎಂಬ ಮೂರಕ್ಷರ ಸಾಮಾನ್ಯವಾಗಿ 30ರ ಆಸುಪಾಸು ಸಲ ಬರುತ್ತದೆ. 200 ದಾಟಿದರೆ ಕೋಶ ಅಲ್ಲಿಗೆ ಮೀಥೈಲ್ ಗುಂಪುಗಳನ್ನು ಅಂಟಿಸಿ ವಂಶವಾಹಿಯನ್ನೇ ಮುಚ್ಚಿಬಿಡುತ್ತದೆ. ಪ್ರೋಟೀನಿನ ಸೂತ್ರ ಕೆಟ್ಟಿರುವುದಿಲ್ಲ. ಅದನ್ನು ಓದುವ ಅವಕಾಶವಿಲ್ಲ, ಅಷ್ಟೆ. ಆ ಪ್ರೋಟೀನಿನ ಕೆಲಸವೋ, ನರಕೋಶಗಳಲ್ಲಿ ಹಲವು ಆರ್‌ಎನ್‌ಎಗಳಿಗೆ ಅಂಟಿಕೊಂಡು ಅವುಗಳಿಂದಾಗುವ ಪ್ರೋಟೀನ್ ತಯಾರಿಯನ್ನು ಹಿಡಿತದಲ್ಲಿಡುವುದು. ಹೀಗೆ ಒಂದು ವಂಶವಾಹಿ ಸುಮ್ಮನಾದರೆ ಬೇರೆ ಹಲವು ಪ್ರೋಟೀನುಗಳ ಪ್ರಮಾಣ ತಪ್ಪುತ್ತದೆ. ಡಿಎನ್‌ಎಯಿಂದ ಆರ್‌ಎನ್‌ಎ, ಅದರಿಂದ ಪ್ರೋಟೀನ್ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುವವರಿಗೆ ಪ್ರೋಟೀನ್ ತಿರುಗಿ ಆರ್‌ಎನ್‌ಎಯನ್ನು ಆಳುವ ಈ ಪರಿ ಕಾಣುವುದೇ ಇಲ್ಲ. ಅದು ದೊಡ್ಡ ನಷ್ಟ.

ಆರ್‌ಎನ್‌ಎ ಹಂತದಲ್ಲೇ ತಪ್ಪನ್ನು ಸರಿದೂಗಿಸುವ ಪ್ರಯತ್ನ ಪರ್ತ್‌ನದು. ಸ್ನಾಯುಗಳನ್ನು ಕ್ಷಯಿಸುವ ಡುಷೆನ್ ಕಾಯಿಲೆಯಲ್ಲಿ ಬಹುಪಾಲು ರೋಗಿಗಳಿಗೆ ಡಿಸ್ಟ್ರೋಫಿನ್ ಪ್ರೋಟೀನಿನ ವಂಶವಾಹಿಯಲ್ಲಿ ಎಕ್ಸಾನ್ ಎಂಬ 79 ತುಂಡುಗಳ ಪೈಕಿ ಕೆಲವು ಇಲ್ಲವಾಗಿರುತ್ತವೆ. ಆಗ ಮೂರು ಮೂರಾಗಿ ಓದುವ ಅಕ್ಷರಗಳ ಸಾಲು ಜಾರಿ, ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಸ್ಟೀವ್ ವಿಲ್ಟನ್ ಮತ್ತು ಸೂ ಫ್ಲೆಚರ್ ಕೃತಕವಾದ ಪುಟ್ಟ ಎಳೆಯೊಂದರಿಂದ 51ನೇ ಎಕ್ಸಾನನ್ನು ಮರೆಮಾಡಿದರು. ಕೋಶ ಅದನ್ನು ಬಿಟ್ಟು ಜೋಡಿಸಿದಾಗ ಸಾಲು ಮತ್ತೆ ಸರಿಹೊಂದಿ, ಗಿಡ್ಡದಾದರೂ ಕೆಲಸಕ್ಕೆ ಬರುವ ಡಿಸ್ಟ್ರೋಫಿನ್ ಹುಟ್ಟುತ್ತದೆ. ಎಟೆಪ್ಲಿರ್ಸನ್ ಎಂಬ ಈ ಔಷಧಕ್ಕೆ ಅಮೆರಿಕ 2016ರಲ್ಲಿ ಷರತ್ತಿನ ಒಪ್ಪಿಗೆ ನೀಡಿತು. ಕಾಯಿಲೆಯನ್ನು ಇದು ವಾಸಿ ಮಾಡುವುದಿಲ್ಲ. ಹುಟ್ಟುವ ಡಿಸ್ಟ್ರೋಫಿನ್ ಅಲ್ಪ. ಒದಗುವುದೂ ನೂರರಲ್ಲಿ ಸುಮಾರು 13 ರೋಗಿಗಳಿಗೆ ಮಾತ್ರ. ಆದ್ದರಿಂದ ಬಂಧುಬಳಗದ ಮಗುವಿಗೆ ಈ ಕಾಯಿಲೆ ಎಂದು ತಿಳಿದಾಗ ಬರಿಯ ಹೆಸರು ಕೇಳಿ ಕೂರಬಾರದು. ಇಲ್ಲವಾಗಿರುವುದು ಯಾವ ಎಕ್ಸಾನ್ ಎಂದು ವೈದ್ಯರನ್ನು ಕೇಳುವಂತೆ ಮನೆಯವರಿಗೆ ತಿಳಿಸುವ ಹೊಣೆ ಓದಿದ ಕಿರಿಯರದು.