ರೋಗಾಣುವಿಗೂ ಒಂದು ಹೊಲ

ನಾನು ಕಲಾ ವಿಭಾಗದ ವಿದ್ಯಾರ್ಥಿ, ಸೂಕ್ಷ್ಮದರ್ಶಕವನ್ನು ಮುಟ್ಟಿದವನಲ್ಲ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಕಳೆದ ಬೇಸಿಗೆಯಲ್ಲಿ ಚಂದ್ರಂಪಳ್ಳಿಯ ನಮ್ಮ ಮನೆಯಲ್ಲಿ ಅಪ್ಪನಿಗೆ ಬಿಡದ ಕೆಮ್ಮು ಹತ್ತಿತು. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಏನೂ ಕಾಣಲಿಲ್ಲ. ವೈದ್ಯರು ಅದನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿ, ಉತ್ತರ ಬರಲು ಎರಡು ತಿಂಗಳಾದರೂ ಆಗಬಹುದೆಂದರು. “ಅಷ್ಟ ದಿನ ಯಾಕ ಬೇಕ?” ಎಂದು ಅಪ್ಪ ನನ್ನನ್ನು ಕೇಳಿದರು. ಮನೆಯಲ್ಲಿ ಓದಿದವನು ನಾನೊಬ್ಬನೇ. ಉತ್ತರ ತಿಳಿಯದೆ ನಾಚಿಕೊಂಡು, ಮರುದಿನ ಕಾಲೇಜಿನ ಗ್ರಂಥಾಲಯಕ್ಕೆ ಹೋದೆನು.

ಕ್ಷಯದ ರೋಗಾಣು ಸೂಕ್ಷ್ಮದರ್ಶಕಕ್ಕೆ ಸಿಕ್ಕಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000ದಷ್ಟಾದರೂ ಇರಬೇಕು. ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವುದಾದರೆ 10ರಿಂದ 100 ಇದ್ದರೂ ಸಾಕು. ಆದರೆ ಇದು ಎಲ್ಲೆಂದರಲ್ಲಿ ಬೆಳೆಯುವ ಜೀವಿಯಲ್ಲ. ಕರುಳಿನ ಸಾಮಾನ್ಯ ಬ್ಯಾಕ್ಟೀರಿಯ 20 ನಿಮಿಷಕ್ಕೊಮ್ಮೆ ಇಬ್ಭಾಗವಾದರೆ, ಇದಕ್ಕೆ ಸುಮಾರು 20 ಗಂಟೆ ಬೇಕು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಹೆಪ್ಪುಗಟ್ಟಿಸಿದ ರಕ್ತಸಾರದ ಮೇಲೆ ಇದನ್ನು ಬೆಳೆಸಿ ತೋರಿಸಿದನು.

ಇಂದಿಗೂ ಬಳಕೆಯಲ್ಲಿರುವ ಲೋವೆನ್‌ಸ್ಟೈನ್-ಜೆನ್ಸನ್ ಮಾಧ್ಯಮದ ಮುಖ್ಯ ವಸ್ತು ಯಾವುದು ಬಲ್ಲಿರಾ? ಕೋಳಿಮೊಟ್ಟೆ! ಅದಕ್ಕೆ ಗ್ಲಿಸರಿನ್, ಆಸ್ಪರಜಿನ್, ಕೆಲವು ಲವಣಗಳು ಹಾಗೂ ಮ್ಯಾಲಕೈಟ್ ಹಸಿರು ಎಂಬ ಬಣ್ಣವನ್ನು ಸೇರಿಸಿ, ಓರೆಯಾಗಿಟ್ಟ ಸೀಸೆಗಳಲ್ಲಿ ಸುಮಾರು 85 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಟ್ಟಿಗೊಳಿಸುತ್ತಾರೆ. ಹಸಿರು ಬಣ್ಣವು ಇತರ ಬ್ಯಾಕ್ಟೀರಿಯಗಳನ್ನು ತಡೆಯುತ್ತದೆ. ಬಿತ್ತಿದ ಸೀಸೆಗಳನ್ನು 37 ಡಿಗ್ರಿಯಲ್ಲಿಟ್ಟು, ವಾರಕ್ಕೊಮ್ಮೆ ನೋಡುತ್ತ, ಎಂಟು ವಾರ ಕಾಯುತ್ತಾರೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿಯೂ ಇಂತಹ ಪರೀಕ್ಷೆ ನಡೆಯುತ್ತದೆ.

ಇದನ್ನೆಲ್ಲ ಅಪ್ಪನಿಗೆ ಹೊಲದ ಮಾತಿನಲ್ಲಿ ಹೇಳಿದೆನು. ಮೊಟ್ಟೆಯೇ ಗೊಬ್ಬರ, ಹಸಿರು ಬಣ್ಣವೇ ಕಳೆ ಕೀಳುವ ಆಳು. ಉಳಿದ ಬ್ಯಾಕ್ಟೀರಿಯ ಬೇಗ ಬರುವ ಹೆಸರಿನ ಬೆಳೆ, ಇದು ತಡವಾಗಿ ಬರುವ ತೊಗರಿ. ಅಪ್ಪ ನಕ್ಕು, “ಹಂಗಾದ್ರ ಕಾಯೋಣ” ಎಂದರು.

ಈಗ ಎರಡು ಗಂಟೆಗಳಲ್ಲಿ ಕ್ಷಯವನ್ನು ಗುರುತಿಸುವ ಯಂತ್ರಗಳೂ ಬಂದಿವೆ. ಆದರೂ ರೋಗಾಣು ಜೀವಂತವಾಗಿದೆಯೇ, ಯಾವ ಯಾವ ಔಷಧಿಗೆ ಮಣಿಯುತ್ತದೆ ಎಂಬುದನ್ನು ಬೆಳೆಸಿ ನೋಡಿಯೇ ತಿಳಿಯಬೇಕಾಗುವುದುಂಟು. ಮಾಧ್ಯಮದಲ್ಲಿ ಔಷಧಿಯನ್ನು ಬೆರೆಸಿದರೂ ರೋಗಾಣು ಬೆಳೆದರೆ, ಆ ಔಷಧಿ ನಿರರ್ಥಕವೆಂದೇ ಅರ್ಥ. ಇನ್ನು 1873ರಲ್ಲಿ ಹ್ಯಾನ್ಸನ್ ಗುರುತಿಸಿದ ಕುಷ್ಠದ ರೋಗಾಣುವಾದರೋ ಇಂದಿನವರೆಗೂ ಯಾವ ಕೃತಕ ಮಾಧ್ಯಮದಲ್ಲಿಯೂ ಬೆಳೆದಿಲ್ಲ. ಅದಕ್ಕೆ ತಕ್ಕ ಹೊಲ ಮನುಷ್ಯನಿಗಿನ್ನೂ ಸಿಕ್ಕಿಲ್ಲ.

ಆರನೆಯ ವಾರದಲ್ಲಿ ಅಪ್ಪನ ಸೀಸೆಯಲ್ಲಿ ಬೆಳೆ ಕಂಡಿತು. ತೊಗರಿ ಬಿತ್ತುವಾಗ ಔಷಧಿ ಆರಂಭವಾಯಿತು. ಆರು ತಿಂಗಳು ಒಂದು ದಿನವೂ ತಪ್ಪಲಿಲ್ಲ. ತೊಗರಿಯ ರಾಶಿ ಮಾಡುವ ಹೊತ್ತಿಗೆ ಔಷಧಿ ಮುಗಿದಿತ್ತು, ಕೆಮ್ಮೂ ನಿಂತಿತ್ತು.